ಮಣ್ಣು ಮಾಡೋಕೂ ಐದು ರೂಪಾಯಿ ಬಡ್ಡಿನಾ?

ನಾಲೆಗೆ ನೀರು ಬಂದಿದೆ, ಒಟ್ಲು ಚೆನ್ನಾಗಿ ಎದ್ದಿದೆ, ಇನ್ನು ಹತ್ತು ಹನ್ನೆರಡು ದಿನಕ್ಕೆ ನಾಟಿ. ಕಬ್ಬಿನ ಗೊಣ್ಣೆಹುಳದ ಬಗ್ಗೆ ಬರೀತೀನಿ ಅಂತ ಹೋದ ವಾರ ಹೇಳಿದ್ದೆ. ಅದು ಮುಂದಿನ ಸಲಕ್ಕೆ ಇರಲಿ. ಹುಳ ಕಬ್ಬಿನ ಬೇರು ತಿನ್ನುತ್ತೆ, ಸರಿ. ನಮ್ಮ ಮನೆಗಳ ಬೇರು ತಿನ್ನೋದು ಬೇರೆ ಒಂದಿದೆ, ಅದರ ಬಗ್ಗೆ ಯಾರೂ ಬಾಯಿ ಬಿಡಲ್ಲ. ಸಾವಿನ ಸಾಲ.

ಬೋರ್ ವೆಲ್ ಸಾಲ ಮಾತಾಡ್ತೀವಿ. ಗೊಬ್ಬರದ ಸಾಲ, ಮದುವೆ ಸಾಲ ಮಾತಾಡ್ತೀವಿ. ಸಾವಿನ ಸಾಲ ಮಾತ್ರ ಮಾತಾಡಬಾರದು, ಮಾತಾಡಿದ್ರೆ ಸತ್ತೋರಿಗೆ ಅವಮಾನ. ಸತ್ತೋರಿಗೆ ಏನೂ ಆಗಲ್ಲ ಕಣ್ರಪ್ಪ. ಬದುಕಿರೋಳು ತಿಂಗಳ ತಿಂಗಳ ಬಡ್ಡಿ ಕಟ್ತಾಳಲ್ಲ, ಅವಳಿಗೆ ಆಗೋದು.

ನಮ್ಮ ಪಕ್ಕದಲ್ಲೇ ಒಂದು ಮನೆ. ಹೆಸರು ಬೇಡ. ಆಯಮ್ಮನನ್ನ ಕೇಳಿಯೇ ಬರೀತಿದ್ದೀನಿ, "ಬರೀರಿ ಅಣ್ಣ, ಇನ್ನೊಬ್ಬರಿಗೆ ಆಗದೇ ಇರಲಿ" ಅಂತ ಅವಳೇ ಅಂದಳು. ಒಂದು ಎಕರೆ ಹತ್ತು ಗುಂಟೆ ಜಮೀನು, ಎರಡು ಮಕ್ಕಳು, ಒಂದು ಸೀಮೆಹಸು. ಯುಗಾದಿ ಕಳೆದು ಒಂದು ವಾರಕ್ಕೆ ಗಂಡ ಹೋದ. ನಲವತ್ತೇಳು ವರ್ಷ. ಎದೆನೋವು ಅಂದ, ಪಟ್ಟಣದ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಬೆಳಗ್ಗೆ ಹೊತ್ತಿಗೆ ಮುಗಿದಿತ್ತು. ಆವತ್ತಿಂದ ಹನ್ನೊಂದನೇ ದಿನದವರೆಗೆ ಆ ಮನೆಯಿಂದ ಹೋದ ದುಡ್ಡು ಎಷ್ಟು ಅಂತ ಆಮೇಲೆ ನಾವಿಬ್ಬರೂ ಕೂತು ಲೆಕ್ಕ ಹಾಕಿದ್ವಿ.

ಹೆಣ ತರೋಕೆ ಗಾಡಿ 4,500. ಮಗ ಬೆಂಗಳೂರಿಂದ ಬರಬೇಕು ಅಂತ ಫ್ರೀಜರ್ ಪೆಟ್ಟಿಗೆ 3,000. ಗುಣಿ ತೆಗೆಯೋಕೆ ಜೆಸಿಬಿ 1,500. ಚಟ್ಟ, ಹೂವು, ಬಟ್ಟೆ, ಕರ್ಪೂರ, ಊದಿನಕಡ್ಡಿ 3,500. ತಮಟೆ 3,000. ಬಂದೋರಿಗೆ ಟೀ, ಊಟ 3,500. ಅಲ್ಲಿಗೆ 19,000. ಇದು ಮಣ್ಣು ಮಾಡೋ ದಿನದ ಖರ್ಚು. ಇದರಲ್ಲಿ ಒಂದೆರಡು ಕಮ್ಮಿ ಮಾಡಬಹುದಿತ್ತು ಅಂತ ಈಗ ಹೇಳಬಹುದು, ಆವತ್ತು ಹೇಳೋಕಾಗಲ್ಲ. ಹೆಣ ಮುಂದೆ ಇಟ್ಕೊಂಡು ಚೌಕಾಸಿ ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ? ಗಾಡಿಯೋನಿಗೂ ಅದು ಗೊತ್ತು.

ಇನ್ನು ತಿಥಿ. ಮಟನ್ 60 ಕೆಜಿ, ಕೆಜಿಗೆ 750 ರಂತೆ 45,000. ಶಾಮಿಯಾನ, ಕುರ್ಚಿ, ಪಾತ್ರೆ 9,000. ಅಡುಗೆಯೋರು 6,000. ಅಕ್ಕಿ, ರಾಗಿ, ದಿನಸಿ 14,000. ಬಟ್ಟೆ, ಪೂಜೆ ಸಾಮಾನು, ಕ್ಷೌರ, ದಕ್ಷಿಣೆ 6,000. ಒಟ್ಟು 80,000.

ಎರಡೂ ಸೇರಿ 99,000. ಮನೇಲಿದ್ದದ್ದು 20,000, ನೆಂಟರಿಷ್ಟರು ಕೈಗಿಟ್ಟಿದ್ದು 19,000. ಮಿಕ್ಕ 60,000 ಕೈಸಾಲ, ನೂರಕ್ಕೆ ಐದು ರೂಪಾಯಿ ಬಡ್ಡಿ. ತಿಂಗಳಿಗೆ 3,000. ವರ್ಷಕ್ಕೆ 36,000, ಅಸಲು ಹಂಗೇ ಇರುತ್ತೆ. ಎರಡನೇ ತಿಂಗಳಲ್ಲೇ ಹಸು ಮಾರಿದಳು. ಬಡ್ಡಿ ಕಟ್ಟೋಕೆ ಇದ್ದ ಒಂದೇ ದಾರಿ ಆ ಹಸುವಿನ ಹಾಲಾಗಿತ್ತು, ಅದನ್ನೇ ಮಾರಿ ಬಡ್ಡಿ ಕಟ್ಟಿದಳು.

ಈಗ ನಾನು ಕೇಳೋದು, ಆ 60 ಕೆಜಿ ಮಟನ್ ತಿಂದೋರು ಯಾರು? ನಾವೇ ತಾನೆ?

ಒಬ್ಬರು ಹಿರಿಯರು ಪಂಕ್ತೀಲಿ ಕೂತು "ಪರವಾಗಿಲ್ಲ, ಹುಡುಗ ಅಪ್ಪನ ಹೆಸರು ಉಳಿಸಿದ" ಅಂದ್ರು. ಹೆಸರು ಉಳೀತು, ಹಸು ಹೋಯ್ತು. "ಊರಿಗೆ ಊಟ ಹಾಕದಿದ್ರೆ ಸತ್ತೋರಿಗೆ ಮುಕ್ತಿ ಇಲ್ಲ" ಅಂತ ಹೇಳೋರಿಗೆ ನನ್ನದೊಂದೇ ಮಾತು. ಯಾವ ದೇವರೂ ಯಾವ ಶಾಸ್ತ್ರದೋರೂ 60 ಕೆಜಿ ಅಂತ ತೂಕ ಹೇಳಿಲ್ಲ. ತೂಕ ಹೇಳಿದ್ದು ನಾವು. ಅವರ ಮನೆ ತಿಥೀಲಿ ಅಷ್ಟು ಮಾಡಿದ್ರು, ಇವರ ಮನೆ ತಿಥೀಲಿ ಬಾಡು ಸಾಲಲಿಲ್ಲ ಅಂತ ಅರಳಿಕಟ್ಟೆ ಮೇಲೆ ಕೂತು ಮಾತಾಡಿದ್ದು ನಾವು. ನಮ್ಮ ಅಜ್ಜಿ ಕಾಲದಲ್ಲಿ ಸೂತಕದ ಮನೇಲಿ ಒಲೆ ಹಚ್ತಿರಲಿಲ್ಲ. ಅಕ್ಕಪಕ್ಕದೋರು ಅನ್ನ, ಸಾರು, ಮುದ್ದೆ ಮಾಡಿ ತಂದು ಬಲವಂತ ಮಾಡಿ ಉಣ್ಣಿಸ್ತಿದ್ರು. ನೆಂಟರು ಬರುವಾಗ ಅಕ್ಕಿ, ಕಾಯಿ ತರ್ತಿದ್ರು. ಆ ಪದ್ಧತಿ ಒಳ್ಳೇದಿತ್ತು. ಅದನ್ನ ತಲೆಕೆಳಗು ಮಾಡಿ, ಸಾವಿನ ಮನೆಯೋರೇ ನಮಗೆ ಬಡಿಸಬೇಕು ಅನ್ನೋ ಹಂಗೆ ಮಾಡ್ಕೊಂಡಿದ್ದೀವಿ. ಸಂಪ್ರದಾಯ ಬಿಡಬೇಡಿ ಅಂತ ನನಗೆ ಬುದ್ಧಿ ಹೇಳೋಕೆ ಬರೋರು ಈ ಹಳೇ ಸಂಪ್ರದಾಯ ಮೊದಲು ವಾಪಸ್ ತನ್ನಿ.

ಇನ್ನೊಂದು ಮಾತು, ಬೇಜಾರು ಮಾಡ್ಕೊಂಡ್ರೂ ಸರಿ. ತಮಟೆಯೋರಿಗೆ ಕೂಲಿ ಕೊಡುವಾಗ "ಇನ್ನೂರು ಕಮ್ಮಿ ಮಾಡ್ಕೊಳ್ರೋ" ಅಂತ ಎಳೀತೀವಿ. ಗುಣಿ ತೋಡಿದೋನಿಗೆ ಒಂದು ಕ್ವಾರ್ಟರ್ ಕೈಗಿಟ್ಟು ಮುಗಿಸ್ತೀವಿ. ಮಟನ್ ಅಂಗಡೀಲಿ ಮಾತ್ರ ಒಂದು ರೂಪಾಯಿ ಚೌಕಾಸಿ ಇಲ್ಲ. ದುಡಿದೋರ ಕೈಗೆ ಹೋಗೋ ದುಡ್ಡಿಗೆ ನಮಗೆ ಹೊಟ್ಟೆಕಿಚ್ಚು.

ಸರ್ಕಾರದ್ದು ಏನೂ ಇಲ್ವಾ ಅಂತ ಕೇಳ್ತೀರಿ. ಇದೆ. ಬಿಪಿಎಲ್ ಮನೆಯಲ್ಲಿ ಸಾವಾದ್ರೆ ಅಂತ್ಯಸಂಸ್ಕಾರ ಸಹಾಯ ನಿಧಿ ಅಂತ ನಮ್ಮ ರಾಜ್ಯ ಸರ್ಕಾರದ ಯೋಜನೆ. ಮೊದಲು 1,000 ಇತ್ತು, ಆಮೇಲೆ 5,000 ಮಾಡಿದ್ರು. ಹೆಸರು ನೋಡಿ, ಅಂತ್ಯಸಂಸ್ಕಾರ ಸಹಾಯ. ಅಂದ್ರೆ ಅಂತ್ಯಸಂಸ್ಕಾರದ ದಿನ ಕೈಗೆ ಬರಬೇಕು. ಬರೋದು ಯಾವಾಗ? ಮೊದಲು ಮರಣ ಪ್ರಮಾಣಪತ್ರ ಬೇಕು, ರೇಷನ್ ಕಾರ್ಡು, ಆಧಾರು, ಪಾಸ್ ಬುಕ್ ಬೇಕು, ಅರ್ಜಿ ಹಾಕಬೇಕು, ವರದಿ ಬರಬೇಕು, ಎಲ್ಲ ಆದ ಮೇಲೆ "ಅನುದಾನ ಬಂದಿಲ್ಲ, ಬಂದಾಗ ಹಾಕ್ತಾರೆ". ನಮ್ಮ ಬೀದೀಲೇ ಅರ್ಜಿ ಹಾಕಿ ವರ್ಷದ ತಿಥಿಯೂ ಮುಗಿಸಿ ಕೂತಿರೋ ಮನೆ ಇದೆ. ವರ್ಷ ಕಳೆದ ಮೇಲೆ ಬರೋ 5,000ಕ್ಕೆ ಅಂತ್ಯಸಂಸ್ಕಾರದ ದುಡ್ಡು ಅಂತ ಹೆಸರು ಇಟ್ರೆ ನಗಬೇಕೋ ಅಳಬೇಕೋ? ಹೆಣ ಕಾಯುತ್ತಾ?

ಇದಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. ಪಂಚಾಯಿತಿಯೋರು ಸ್ವಂತ ವರಮಾನದಲ್ಲಿ ಒಂದಿಷ್ಟು ತೆಗೆದಿಟ್ಟು, ಸಾವಾದ ದಿನವೇ ಮನೆಗೆ ಬಂದು 5,000 ಕೊಟ್ಟು ಸಹಿ ಹಾಕಿಸ್ಕೊಳ್ಳಲಿ. ಕಾಗದ ಪತ್ರ ಆಮೇಲೆ ಮಾಡ್ಕೊಳ್ಳಲಿ, ಸರ್ಕಾರದಿಂದ ಆಮೇಲೆ ವಸೂಲಿ ಮಾಡ್ಕೊಳ್ಳಲಿ. ಕಾಯೋ ಶಕ್ತಿ ಪಂಚಾಯಿತಿಗಿದೆ, ಸಾವಿನ ಮನೆಗಿಲ್ಲ. ಮುಂದಿನ ಗ್ರಾಮಸಭೇಲಿ ನಾನು ಇದನ್ನ ಎತ್ತುತ್ತೀನಿ. ಹಿಂದೆ ಕೂತು ಗುಸುಗುಸು ಅನ್ನೋದು ಬಿಟ್ಟು ಕೈ ಎತ್ತಿ.

ಹನ್ನೊಂದು ದಿನದೊಳಗೆ ಆಯಮ್ಮನ ಮನೆಗೆ ಸಾಲ ಕೊಡ್ತೀನಿ ಅಂತ ಮೂವರು ಬಂದಿದ್ರಂತೆ. ಮುಖಂಡರು ಒಬ್ಬರು ಬಂದು ಹಾರ ಹಾಕಿ, ಕವರಲ್ಲಿ 2,000 ಕೊಟ್ಟು, ಫೋಟೋ ತೆಗೆಸ್ಕೊಂಡು ಹೋದ್ರು. ಆದರೆ "ನಿನ್ನ ಗಂಡನ ಪಾಸ್ ಬುಕ್ ತಗೊಂಡು ಬಾರಮ್ಮ, ನೋಡೋಣ" ಅಂದೋರು ಒಬ್ಬರೂ ಇಲ್ಲ. ಜೂನಲ್ಲಿ ವಿಧವಾ ವೇತನದ ಅರ್ಜಿಗೆ ಅಂತ ಆಯಮ್ಮ ಕಾಗದದ ಗಂಟು ತಂದು ನಮ್ಮ ಜಗಲಿ ಮೇಲೆ ಬಿಚ್ಚಿದಳು. ಗಂಡನ ಪಾಸ್ ಬುಕ್ ತಿರುವಿ ಹಾಕಿದೆ. ಹೋದ ವರ್ಷದ ಮೇ ತಿಂಗಳಲ್ಲಿ 436 ರೂಪಾಯಿ ಕಟ್ ಆಗಿದೆ.

ಆ 436 ಏನು ಅಂತ ಗೊತ್ತಿರೋರು ಎಷ್ಟು ಜನ ಇದ್ದೀರಿ? ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಬಿಮಾ. ವರ್ಷಕ್ಕೆ 436 ರೂಪಾಯಿ, ಹೆಂಗೆ ಸತ್ರೂ ಮನೆಯೋರಿಗೆ ಎರಡು ಲಕ್ಷ. 18ರಿಂದ 50 ವರ್ಷದೊಳಗೆ ಸೇರಬೇಕು, 55ರವರೆಗೆ ನಡೆಯುತ್ತೆ. ಜೂನ್ 1ರಿಂದ ಮೇ 31 ಅದರ ವರ್ಷ. ಎರಡು ಲಕ್ಷದ ಹಕ್ಕು ಪೆಟ್ಟಿಗೇಲಿ ಇಟ್ಕೊಂಡು ಆಯಮ್ಮ ಐದು ರೂಪಾಯಿ ಬಡ್ಡಿಗೆ ಅರವತ್ತು ಸಾವಿರ ತಂದಿದ್ದಾಳೆ. ಸತ್ತ 30 ದಿನದೊಳಗೆ ಅರ್ಜಿ ಕೊಟ್ರೆ ಒಳ್ಳೇದು, ನಾವು ಕೊಟ್ಟಿದ್ದು ತಡವಾಗಿ. ಬ್ಯಾಂಕಿನೋರು ತಗೊಂಡಿದ್ದಾರೆ, ಇನ್ನೂ ದುಡ್ಡು ಬಂದಿಲ್ಲ, ಓಡಾಡ್ತಿದ್ದೀವಿ. ದುಡ್ಡು ಹಿಡ್ಕೊಳ್ಳುವಾಗ ಯಾರನ್ನೂ ಕೇಳದೇ ಹಿಡ್ಕೊಳ್ಳೋ ಬ್ಯಾಂಕು, ಖಾತೆದಾರ ಸತ್ತ ಅಂತ ಮರಣ ಪತ್ರ ಕೊಟ್ಟಾಗಲಾದ್ರೂ "ಅಮ್ಮ, ಇದರಲ್ಲಿ ವಿಮೆ ಇದೆ" ಅಂತ ಬಾಯಿ ಬಿಟ್ಟು ಹೇಳಬಾರದಾ? ಮೂರು ತಿಂಗಳಿಗೆ 9,000 ಬಡ್ಡಿ ಹೋಗಿದೆ. ಅದನ್ನ ಯಾರು ಕೊಡ್ತಾರೆ?

20 ರೂಪಾಯಿದು ಇನ್ನೊಂದಿದೆ, ಸುರಕ್ಷಾ ಬಿಮಾ, ಅಪಘಾತಕ್ಕೆ ಮಾತ್ರ, ಅದೂ ಎರಡು ಲಕ್ಷ, 70 ವರ್ಷದವರೆಗೆ. ಮನೆಯ ದುಡಿಯೋ ಯಜಮಾನ ಅಥವಾ ಯಜಮಾನಿ 18ರಿಂದ 59 ವರ್ಷದೊಳಗೆ ತೀರಿಕೊಂಡು, ಬಿಪಿಎಲ್ ಮನೆಯಾದ್ರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೇಲಿ 20,000 ಇದೆ. ಇದು 1995ರಿಂದ ಇರೋ ಯೋಜನೆ ಸ್ವಾಮಿ, ನಿನ್ನೆ ಮೊನ್ನೇದಲ್ಲ. ಆಯಮ್ಮನಿಗೆ ಇದೂ ಬರಬೇಕು, ಅರ್ಜಿ ಹಾಕಿಸಿದ್ದೀವಿ. ವಿಧವಾ ವೇತನ ತಿಂಗಳಿಗೆ 800. ಅವಳು ಕಟ್ಟೋ ಬಡ್ಡಿ ತಿಂಗಳಿಗೆ 3,000. ನೀವೇ ತೂಗಿ ನೋಡಿ.

ಗಾರೆ ಕೆಲಸಕ್ಕೆ ಹೋಗೋರು ಕಾರ್ಮಿಕ ಕಾರ್ಡ್ ಮಾಡಿಸಿದ್ರೆ ಕಟ್ಟಡ ಕಾರ್ಮಿಕರ ಮಂಡಳಿಯಿಂದ ಶವಸಂಸ್ಕಾರಕ್ಕೆ ಅಂತ, ಮನೆಯೋರಿಗೆ ಅಂತ ಬೇರೆ ದುಡ್ಡಿದೆ. ಕಾರ್ಡ್ ನವೀಕರಣ ಆಗಿದ್ಯಾ ನೋಡ್ಕೊಳ್ಳಿ. ಮನೆ ಹೆಂಗಸರು ಸಂಘದ ಸಾಲ ತಗೊಂಡಿದ್ರೆ, ಸಾಲ ಕೊಡುವಾಗಲೇ ಇನ್ಸೂರೆನ್ಸ್ ಅಂತ ದುಡ್ಡು ಹಿಡ್ಕೊಂಡಿರ್ತಾರೆ, ಎಷ್ಟೋ ಕಡೆ ಅದು ಗಂಡನಿಗೂ ಸೇರಿರುತ್ತೆ. ಗಂಡ ಸತ್ತ ಮೇಲೂ ವಾರದ ಕಂತು ಕಟ್ತಾ ಕೂರೋ ಮೊದಲು ಅದನ್ನ ಕೇಳಿ. ಡೇರಿ ಸದಸ್ಯರು ತೀರಿಕೊಂಡ್ರೆ ಏನು ಕೊಡ್ತಾರೆ ಅಂತ ಕಾರ್ಯದರ್ಶೀನ ಕೇಳಿ. ಕೇಳದೇ ಯಾರೂ ಕೊಡಲ್ಲ.

ಹೊಲದಲ್ಲಿ ಹಾವು ಕಡಿದು ಸತ್ರೆ, ಕೆಲಸ ಮಾಡುವಾಗ ಆಕಸ್ಮಿಕ ಆದ್ರೆ ಕೃಷಿ ಇಲಾಖೆಯಿಂದ ರೈತರ ಮನೆಗೆ 2 ಲಕ್ಷ ಪರಿಹಾರ ಇದೆ. ಇದರಲ್ಲಿ ನಮ್ಮೋರು ಪದೇ ಪದೇ ಕೆಡೋದು ಒಂದೇ ಜಾಗದಲ್ಲಿ. "ಪೋಸ್ಟ್ ಮಾರ್ಟಂ ಮಾಡಿಸಿ ಯಾಕೆ ಹೆಣ ಕುಯ್ಯಿಸ್ತೀರಿ" ಅಂತ ಯಾರೋ ಒಬ್ಬ ದೊಡ್ಡ ಮನುಷ್ಯ ಹೇಳ್ತಾನೆ, ಇವರು ಸ್ಟೇಷನ್ನಿಗೂ ಹೇಳದೆ ಮಣ್ಣು ಮಾಡಿಬಿಡ್ತಾರೆ. ಆಮೇಲೆ ಹಾವು ಕಡಿದಿದ್ದು ಅಂತ ತೋರಿಸೋಕೆ ಏನಿದೆ? ಸಲಹೆ ಕೊಟ್ಟ ದೊಡ್ಡ ಮನುಷ್ಯ ಎರಡು ಲಕ್ಷ ಕೊಡ್ತಾನಾ?

ಸಾವು ನೋಂದಣಿ 21 ದಿನದೊಳಗೆ ಮಾಡಿಸಿದ್ರೆ ಬಿಟ್ಟಿ. ತಡ ಆದಷ್ಟೂ ದಂಡ, ಒಂದು ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟರ ಆದೇಶ. ಪೌತಿ ಖಾತೆ ಆಗದೆ ತಾತನ ಹೆಸರಲ್ಲೇ ಪಹಣಿ ಇಟ್ಕೊಂಡು ಬೆಳೆಸಾಲಕ್ಕೆ ಅಲೆಯೋರಿಗೆ ಇದು ನಾನು ಹೇಳಬೇಕಾಗಿಲ್ಲ. ತಿಥಿಗೆ ಕಾರ್ಡ್ ಹಂಚೋಕೆ ಹತ್ತು ಊರು ಸುತ್ತುತ್ತೀವಿ, ಆ ದಾರೀಲೇ ಇರೋ ಕಚೇರಿ ಒಳಗೆ ಕಾಲಿಡಲ್ಲ.

ಮತ್ತೆ ಆಸ್ಪತ್ರೆ. "ಬಿಲ್ಲು ಪೂರ್ತಿ ಕಟ್ಟಿ, ಆಮೇಲೆ ಬಾಡಿ" ಅಂತ ಹೆದರಿಸ್ತಾರೆ, ಆ ಹೆದರಿಕೆಗೇ ರಾತ್ರೋರಾತ್ರಿ ಒಡವೆ ಗಿರವಿಗೆ ಹೋಗುತ್ತೆ. ಖಾಸಗಿ ಆಸ್ಪತ್ರೆಗಳ ಮೇಲಿನ ನಮ್ಮ ರಾಜ್ಯದ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆಗಿದೆ. ಬಾಕಿ ದುಡ್ಡಿಗೋಸ್ಕರ ಹೆಣ ಹಿಡ್ಕೊಳ್ಳೋ ಹಾಗಿಲ್ಲ, ಬಾಕಿ ಆಮೇಲೆ ವಸೂಲಿ ಮಾಡ್ಕೋಬೇಕು. ಕೌಂಟರಿನಲ್ಲಿ ಜೋರಾಗಿ ಈ ಮಾತು ಹೇಳೋಕೆ ಒಬ್ಬ ಜೊತೆಗಿರಬೇಕು, ಅಷ್ಟೇ. ಅಳ್ತಾ ನಿಂತಿರೋ ಹೆಂಡ್ತಿ ಮಕ್ಕಳ ಕೈಲಿ ಅದಾಗಲ್ಲ. ಇನ್ನು 108 ಗಾಡಿ ಜೀವ ಇರೋರಿಗೆ ಮಾತ್ರ, ಹೆಣ ಸಾಗಿಸಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಯಾದ್ರೆ ಶವ ಸಾಗಿಸೋ ಗಾಡಿ ಇದ್ಯಾ ಅಂತ ಮೊದಲು ವಿಚಾರಿಸಿ, ಆಮೇಲೆ ಗೇಟಿನ ಹೊರಗೆ ನಿಂತಿರೋ ಗಾಡಿಯೋನ ಹತ್ರ ಹೋಗಿ.

ಬಡ್ಡಿ ವಸೂಲಿ ಕಿರುಕುಳ ತಡೆಯೋಕೆ 2025ರಲ್ಲಿ ಹೊಸ ಕಾನೂನು ಬಂತು. ಒಳ್ಳೇದೇ. ಆದರೆ ತಿಥಿ ಸಾಲ ಕೊಡೋನು ಹೊರಗಿನ ಕಂಪನಿಯೋನಲ್ಲ. ನಮ್ಮ ಕಳ್ಳುಬಳ್ಳಿಯೋನೇ, ಪಂಕ್ತೀಲಿ ಪಕ್ಕದಲ್ಲಿ ಕೂತು ಉಂಡೋನೇ. ಅವನ ಮೇಲೆ ಯಾರು ಸ್ಟೇಷನ್ನಿಗೆ ಹೋಗ್ತಾರೆ? ಅದಕ್ಕೇ ಕಾನೂನು ಒಂದನ್ನೇ ನೆಚ್ಕೊಂಡು ಕೂರೋಕಾಗಲ್ಲ ಅನ್ನೋದು.

ಮೇಲೆ ಬರೆದ ಎಲ್ಲ ದುಡ್ಡೂ ನಮ್ಮ ಹಕ್ಕು, ಬಿಡಬಾರದು. ಆದ್ರೆ ಎಲ್ಲವೂ ತಿಂಗಳುಗಟ್ಟಲೆ ಆದ ಮೇಲೆ ಬರೋದು. ಸಾವಿನ ದಿನ ಬೆಳಗ್ಗೆ ಹತ್ತು ಗಂಟೆಗೆ ಬೇಕಾಗೋ ದುಡ್ಡಿಗೆ ಬಡ್ಡಿಯೋನು ಬಿಟ್ರೆ ಬೇರೆ ಯಾರೂ ಇಲ್ಲ. ಆ ಜಾಗದಲ್ಲಿ ನಾವು ನಿಲ್ಲಬೇಕು.

ನಾಟಿಗೆ ಮುಯ್ಯಾಳು ಹೋಗಲ್ವಾ? ನಿಮ್ಮ ಗದ್ದೆಗೆ ನಮ್ಮ ಮನೆಯೋರು ಎರಡು ದಿನ, ನಮ್ಮ ಗದ್ದೆಗೆ ನಿಮ್ಮ ಮನೆಯೋರು ಎರಡು ದಿನ. ಮದುವೇಲಿ ಮುಯ್ಯಿ ಓದಿಸಿ ಪುಸ್ತಕದಲ್ಲಿ ಬರೆಸಲ್ವಾ? ಸಾವಿಗೆ ಮಾತ್ರ ಯಾಕೆ ಇಲ್ಲ? ನಮ್ಮ ಊರಲ್ಲಿ 180 ಮನೆ. ಮನೆಗೆ ತಿಂಗಳಿಗೆ 50 ರೂಪಾಯಿ. ತಿಂಗಳಿಗೆ 9,000, ವರ್ಷಕ್ಕೆ 1,08,000. ಹೋದ ವರ್ಷ ನಮ್ಮೂರಲ್ಲಿ ಏಳು ಸಾವಾಯ್ತು. ಎಂಟು ಅಂತಲೇ ಇಟ್ಕೊಳ್ಳಿ. ಒಂದೊಂದಕ್ಕೆ 12,000 ಕೊಟ್ರೂ 96,000. ಇನ್ನೂ 12,000 ಉಳಿಯುತ್ತೆ. 50 ರೂಪಾಯಿ ಅಂದ್ರೆ ಎಷ್ಟು? ಡೇರಿಗೆ ಹಾಕೋ ಹಾಲಲ್ಲಿ ಎರಡು ಲೀಟರಿನ ದುಡ್ಡೂ ಪೂರ್ತಿ ಬೇಡ.

ಸುದ್ದಿ ಗೊತ್ತಾದ ಎರಡು ಗಂಟೆಯೊಳಗೆ 12,000 ಮನೆಯ ಹೆಂಗಸರ ಕೈಗೆ. ಗಂಡಸರ ಕೈಗಲ್ಲ, ಯಾಕೆ ಅಂತ ಎಲ್ಲರಿಗೂ ಗೊತ್ತು. 19,000ದ ಖರ್ಚಿಗೆ 12,000 ಹೆಂಗೆ ಸಾಕು ಅಂತೀರಿ. ಜೆಸಿಬಿ ಬೇಡ, ಗುಣಿಗೆ ಎಲ್ಲ ಮನೆ ಹುಡುಗರೂ ಸರದಿ ಮೇಲೆ ಬರಲಿ. ಎಲ್ಲ ಮನೆ ಅಂದ್ರೆ ಎಲ್ಲ ಮನೆ, ಇಂಥ ಕೇರಿಯೋರೇ ತೋಡಬೇಕು ಅನ್ನೋದು ಇನ್ನು ಸಾಕು. ಬಂದೋರ ಊಟ ಟೀ ಅಕ್ಕಪಕ್ಕದ ಹತ್ತು ಮನೆ ಹಂಚಿಕೊಳ್ಳಲಿ. ಅಲ್ಲಿಗೆ 5,000 ಇಳೀತು. ಪಂಚಾಯಿತಿ ಕೈಲಿ ಆ 5,000 ಅದೇ ದಿನ ಕೊಡಿಸೋಕಾದ್ರೆ ಸಾವಿನ ಮನೆ ಒಂದು ರೂಪಾಯಿ ಸಾಲ ಮಾಡಬೇಕಾಗಿಲ್ಲ.

ತಿಥಿಗೆ ಈ ನಿಧಿಯಿಂದ ಒಂದು ಪೈಸೆ ಇಲ್ಲ. ಇದ್ದೋರು ಎಷ್ಟು ಕುರಿ ಬೇಕಾದ್ರೂ ಕುಯ್ಲಿ, ನಾನು ಬೇಡ ಅನ್ನಲ್ಲ, ಕರೆದ್ರೆ ಬಂದು ಉಣ್ತೀನಿ. ಆದರೆ ಸಾಲ ಮಾಡಿ ಹಾಕೋ ತಿಥಿ ಊಟಕ್ಕೆ ನಾನು ಇನ್ನು ಕೂರಲ್ಲ. ಹಾಲು ತುಪ್ಪಕ್ಕೆ ಬರ್ತೀನಿ, ಹನ್ನೊಂದನೇ ದಿನ ಗದ್ದಿಗೆ ಹತ್ರ ಬರ್ತೀನಿ, ಒಂದು ಲೋಟ ಪಾನಕ ಕುಡಿದು ಮನೆಗೆ ಬರ್ತೀನಿ. ನನ್ನ ಹಂಗೆ ಮೂವತ್ತು ಜನ ಕೂರಲಿಲ್ಲ ಅಂದ್ರೆ ಮಟನ್ 60 ಕೆಜಿಯಿಂದ ತಾನೇ ಇಳಿಯುತ್ತೆ.

ಇದಕ್ಕೆ ಬರೋ ಮಾತು ನನಗೆ ಗೊತ್ತು. "ಸರ್ಕಾರದ ಕೆಲಸ ನಾವ್ಯಾಕೆ ಮಾಡಬೇಕು." ಸರ್ಕಾರನ ಬಿಡಿ ಅಂತ ನಾನೆಲ್ಲಿ ಹೇಳಿದೆ? ನಾಲೆ ನೀರಿಗೆ ರಸ್ತೇಲೂ ಕೂರ್ತೀವಿ, ಅಷ್ಟರಲ್ಲಿ ಬೆಳೆ ಒಣಗದ ಹಾಗೆ ಬೋರಿನ ನೀರೂ ಹಾಯಿಸ್ತೀವಿ. "ದುಡ್ಡು ಇಟ್ಕೊಂಡೋರು ಚೀಟಿ ದುಡ್ಡಿನ ಹಂಗೆ ನುಂಗಿಬಿಡ್ತಾರೆ." ಈ ಭಯ ಸುಳ್ಳಲ್ಲ, ಚೀಟೀಲಿ ಎಷ್ಟು ಮನೆ ಮುಳುಗಿದ್ವು ಅಂತ ನೋಡಿದ್ದೀವಿ. ಅದಕ್ಕೇ ಮೂವರ ಹೆಸರಲ್ಲಿ ಬ್ಯಾಂಕ್ ಖಾತೆ, ಅದರಲ್ಲಿ ಒಬ್ಬರು ಹೆಂಗಸು, ಒಬ್ಬರು ಕಾಲೋನಿಯೋರು. ಕೈಲಿ 24,000 ನಗದು, ಎರಡು ಸಾವಿಗೆ ಆಗೋವಷ್ಟು, ಅದಕ್ಕಿಂತ ಜಾಸ್ತಿ ಇಲ್ಲ. ಪ್ರತಿ ತಿಂಗಳ ಲೆಕ್ಕ ಡೇರಿ ಗೋಡೆ ಮೇಲೆ, ಫ್ಯಾಟ್ ರೇಟಿನ ಚೀಟಿ ಪಕ್ಕದಲ್ಲೇ. ದಿನಾ ಎರಡು ಹೊತ್ತು ಎಲ್ಲರೂ ಅಲ್ಲಿಗೆ ಬರ್ತೀವಿ, ಕಣ್ಣಿಗೆ ಬೀಳದೇ ಇರಲ್ಲ.

"50 ರೂಪಾಯಿ ಕಟ್ಟೋಕಾಗದೋರು?" ಕಟ್ಟದಿದ್ರೂ ಕೊಡಬೇಕು. ಆ ಮನೇಗೇ ಮೊದಲು ಬೇಕಾಗಿರೋದು. ಮತ್ತೆ ಊರೊಳಗಿನ ಬೀದಿಗೊಂದು, ಕಾಲೋನಿಗೊಂದು ಅಂತ ಬೇರೆ ಬೇರೆ ಪುಸ್ತಕ ಇಡೋದಾದ್ರೆ ನನ್ನ ಹೆಸರು ಬರ್ಕೋಬೇಡಿ.

ಸೋಮವಾರ ಸಂಜೆ, ಡೇರಿಗೆ ಹಾಲು ಹಾಕಿ ಆದ ಮೇಲೆ, ಮಾರಮ್ಮನ ಗುಡಿ ಮುಂದೆ ಸೇರೋಣ. ನೂರು ಪುಟದ ಒಂದು ಪುಸ್ತಕ ತಂದಿದ್ದೀನಿ, ಮೊದಲನೇ ಪುಟದಲ್ಲಿ ನನ್ನ 50 ಬರೆದಿದೆ. ಅಕ್ಕಪಕ್ಕದ ಊರಿನೋರೂ ಬಂದು ನೋಡಿ ನಿಮ್ಮೂರಲ್ಲಿ ಮಾಡ್ಕೊಳ್ಳಿ. ಬರೋವಾಗ ಮನೆ ಮಂದಿ ಎಲ್ಲರ ಪಾಸ್ ಬುಕ್ ತನ್ನಿ, ಎಂಟ್ರಿ ಹಾಕಿಸಿಕೊಂಡೇ ತನ್ನಿ, ಮೇ ತಿಂಗಳ ಕೊನೇ ಸಾಲಲ್ಲಿ 436 ಇದ್ಯಾ ಅಂತ ಒಂದೊಂದೇ ನೋಡೋಣ. ನಾಮಿನಿ ಹೆಸರು ಯಾರದಿದೆ ಅಂತಾನೂ ನೋಡಬೇಕು, ಕೆಲವರದ್ದರಲ್ಲಿ ಸತ್ತುಹೋದ ಅಮ್ಮನ ಹೆಸರೇ ಇದೆ. ಕನ್ನಡಕ ಮರೀಬೇಡಿ.